ಛಾಯಾಚಿತ್ರ ಸಂಗ್ರಹ: ಪ್ರತಿಯ ಕಾಲನಿರ್ಣಯ

ಒಂದೇ ನೆಗೆಟಿವ್‌ನಿಂದ ಪಡೆದ ಪ್ರತಿಗಳೆಲ್ಲ ಸಮಾನವೆಂಬ ತಿಳಿವಳಿಕೆ ಛಾಯಾಚಿತ್ರ ಸಂಗ್ರಾಹಕರಿಗೆ ದುಬಾರಿಯಾಗಬಲ್ಲದು. ಅಮೆರಿಕದ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಗ್ರಾಮದಲ್ಲಿ ಸೆರೆಹಿಡಿದ ಚಂದ್ರೋದಯದ ಚಿತ್ರವನ್ನೇ ಗಮನಿಸಬಹುದು. ದಶಕಗಳುದ್ದಕ್ಕೂ ಅವರು ಅದರ ಸಾವಿರಕ್ಕೂ ಮಿಗಿಲಾದ ಪ್ರತಿಗಳನ್ನು ಸ್ವತಃ ಮುದ್ರಿಸಿದರು. ಆರಂಭದ ಪ್ರತಿಗಳಲ್ಲಿ ಆಗಸ ನಸುಬೂದು, ಮೇಲೆ ಮೋಡಗಳ ಸುಳಿವು. 1948ರಲ್ಲಿ ನೆಗೆಟಿವ್‌ನ ಮುನ್ನೆಲೆಯನ್ನು ರಾಸಾಯನಿಕದಿಂದ ಬಲಪಡಿಸಿದರು. ಮುಂದಿನ ಪ್ರತಿಗಳಲ್ಲಿ ಆಗಸ ಕ್ರಮೇಣ ಕಗ್ಗಪ್ಪಾಯಿತು. ಜನಮನದಲ್ಲಿ ನೆಲೆಸಿರುವುದು ಈ ಕಪ್ಪು ಆಗಸವೇ. ಆದರೆ ಹೆಚ್ಚಿನ ಬೆಲೆ ವಿರಳವಾದ ಹಳೆಯ ಪ್ರತಿಗಳಿಗೆ. 1948ರ ಪ್ರತಿಯೊಂದು 2006ರ ಸೋಥೆಬಿಸ್ ಹರಾಜಿನಲ್ಲಿ 6,09,600 ಡಾಲರಿಗೆ ಮಾರಾಟವಾಯಿತು. ಚಿತ್ರ ತೆಗೆದ ದಿನವನ್ನು ಆಡಮ್ಸ್ ಮರೆತಿದ್ದರು. ಚಂದ್ರನ ಸ್ಥಾನದಿಂದ ಖಗೋಳಜ್ಞರು ಅದನ್ನು ಗಣಿಸಿದರು. ಪ್ರತಿಯ ಕಾಲಕ್ಕೆ ಅಂತಹ ಸಾಕ್ಷಿಯಿಲ್ಲ: ಕಾಗದದ ಬಗೆ, ಹಿಂಬದಿಯ ಮುದ್ರೆ, ಒಡೆತನದ ದಾಖಲೆಗಳನ್ನೇ ಪರಿಶೀಲಿಸಬೇಕು.