ಹೃದಯಸ್ನಾಯುವೂ ಮೂತ್ರಪಿಂಡದ ಹಾರ್ಮೋನೂ

ಹೃದಯವು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿಯುವ ಸ್ನಾಯು. ಈ ಎಡೆಬಿಡದ ದುಡಿಮೆಗೆ ಬೇಕಾದ ಆಮ್ಲಜನಕವನ್ನು ಕರೋನರಿ ರಕ್ತನಾಳಗಳು ಒದಗಿಸುತ್ತವೆ. ಅವುಗಳಲ್ಲೊಂದು ಹೆಪ್ಪುಗಟ್ಟಿದ ರಕ್ತದಿಂದ ಪೂರ್ತಿಯಾಗಿ ಮುಚ್ಚಿಹೋದರೆ, ಅದನ್ನೇ ನಂಬಿರುವ ಜೀವಕೋಶಗಳು ಅರ್ಧಗಂಟೆ ಕಳೆಯುವಷ್ಟರಲ್ಲಿ ಸಾಯತೊಡಗುತ್ತವೆ. ಸತ್ತ ಕಡೆ ಗಾಯದ ಕಲೆ ಉಳಿಯುವುದಲ್ಲದೆ ಹೊಸ ಸ್ನಾಯು ಸಾಕಷ್ಟು ಬೆಳೆಯದು. ಆದುದರಿಂದ ಸಾಯಲಿರುವ ಕೋಶವನ್ನು ಬದುಕಿಸಿಡಬಲ್ಲ ವಸ್ತು ಉಂಟೇ ಎಂಬ ಪ್ರಶ್ನೆ ಹುಟ್ಟಿತು.

ಇದಕ್ಕೊಂದು ಉತ್ತರವು ಮೂತ್ರಪಿಂಡದ ಕಡೆಯಿಂದ ಬಂದಿತು. ರಕ್ತ ಕಡಮೆಯಾದ ಮೊಲದ ರಕ್ತರಸವನ್ನು ಬೇರೊಂದು ಮೊಲಕ್ಕೆ ಚುಚ್ಚಿದರೆ ಅದರಲ್ಲಿ ಕೆಂಪು ಕಣಗಳು ಹೆಚ್ಚುವುವೆಂದು 1906ರಲ್ಲಿ ಫ್ರಾನ್ಸಿನ ಕಾರ್ನೋ ಮತ್ತು ಡಿಫ್ಲಾಂಡ್ರ್ ಸಾರಿದರು. ಆ ರಸದಲ್ಲಿದ್ದ ಹಾರ್ಮೋನಿಗೆ ಎರಿತ್ರೊಪೊಯೆಟಿನ್ ಎಂದು ಹೆಸರಾಯಿತು. 1977ರಲ್ಲಿ ಗೋಲ್ಡ್‌ವಾಸರ್ ಮತ್ತು ಸಂಗಡಿಗರು ಅದನ್ನು ಮನುಷ್ಯರ ಮೂತ್ರದಿಂದ ಶುದ್ಧರೂಪದಲ್ಲಿ ಬೇರ್ಪಡಿಸಿದರು. ದೇಹದಲ್ಲಿ ಆಮ್ಲಜನಕ ಕುಗ್ಗಿದಾಗ ಮೂತ್ರಪಿಂಡವು ಇದನ್ನು ಹೆಚ್ಚಾಗಿ ಸುರಿಸುತ್ತದೆ. ಮೂಳೆಯ ಮಜ್ಜೆ ಇದರ ಆಣತಿಯಂತೆ ಕೆಂಪು ಕಣಗಳನ್ನು ಹೆಚ್ಚು ಹೆಚ್ಚಾಗಿ ಸಿದ್ಧಪಡಿಸುತ್ತದೆ.

ಈ ಹಾರ್ಮೋನಿಗೆ ಇನ್ನೊಂದು ಗುಣವೂ ಇದ್ದಂತೆ ತೋರಿತು. ಆಮ್ಲಜನಕದ ಕೊರತೆಗೆ ಸಿಕ್ಕಿದ ಕೋಶವು ಅನೇಕ ವೇಳೆ ತನ್ನೊಳಗಿನ ಏರ್ಪಾಟಿನಿಂದಲೇ ತನ್ನನ್ನು ಕೊಂದುಕೊಳ್ಳುತ್ತದೆ. ಎರಿತ್ರೊಪೊಯೆಟಿನ್ ಕೋಶದ ಹೊರಮೈಗೆ ಅಂಟಿಕೊಂಡು, ಆ ಏರ್ಪಾಟನ್ನು ತಡೆಯುವ ಸಂದೇಶವನ್ನು ಒಳಕ್ಕೆ ಕಳುಹಿಸುತ್ತದೆ. 2003ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಕರೋನರಿ ನಾಳವನ್ನು ಕಟ್ಟಿದ ಇಲಿಗಳಿಗೆ ಈ ಹಾರ್ಮೋನನ್ನು ಕೊಟ್ಟಾಗ ಸತ್ತ ಸ್ನಾಯುವಿನ ಪ್ರಮಾಣವು ಕಡಮೆಯಾಗಿತ್ತು.

ಇಷ್ಟಕ್ಕೇ ಕಥೆ ಮುಗಿದಿದ್ದರೆ ನಾವು ಈ ಲೇಖನವನ್ನು ಬರೆಯಬೇಕಾಗಿರಲಿಲ್ಲ. ಹೃದಯಾಘಾತವಾದ ರೋಗಿಗಳ ಮುಚ್ಚಿದ ನಾಳವನ್ನು ತೆರೆದ ಮೇಲೆ 60,000 ಯೂನಿಟ್ಟುಗಳಷ್ಟು ಹಾರ್ಮೋನನ್ನು ಒಮ್ಮೆಗೇ ಕೊಟ್ಟು ಪರೀಕ್ಷಿಸಲಾಯಿತು. 2010ರಲ್ಲಿ ಹೊರಬಂದ ಹೆಬೆ ಪರೀಕ್ಷೆಯಲ್ಲಿ ಹೃದಯದ ರಕ್ತ ನೂಕುವ ಶಕ್ತಿ ಹೆಚ್ಚಲಿಲ್ಲ. 2011ರ ರಿವೀಲ್ ಪರೀಕ್ಷೆಯಲ್ಲಿ ಸತ್ತ ಸ್ನಾಯುವಿನ ಪ್ರಮಾಣ ಇಳಿಯಲಿಲ್ಲ. ಎಪ್ಪತ್ತು ದಾಟಿದವರಲ್ಲಿ ಅದು ಹೆಚ್ಚೇ ಆಗಿತ್ತು.

ಇಲಿಗೆ ಒಳಿತಾದುದು ಮನುಷ್ಯನಿಗೆ ಏಕಾಗಲಿಲ್ಲ? ಪ್ರಯೋಗದ ಇಲಿ ಸಾಮಾನ್ಯವಾಗಿ ಎಳೆಯದು, ನಿರೋಗಿ. ಅದರ ನಾಳವನ್ನು ಕಟ್ಟುವ ಗಳಿಗೆಯೂ ಮದ್ದು ಕೊಡುವ ಗಳಿಗೆಯೂ ಪ್ರಯೋಗಕಾರನ ಕೈಯಲ್ಲಿವೆ. ರೋಗಿಯಾದರೋ ಅನೇಕ ವೇಳೆ ವಯಸ್ಸಾದವನು. ಮಧುಮೇಹ, ರಕ್ತದೊತ್ತಡಗಳಿಂದ ನಾಳಗಳು ಮೊದಲೇ ಕೆಟ್ಟಿರುತ್ತವೆ. ಆಸ್ಪತ್ರೆ ಸೇರುವ ಹೊತ್ತಿಗೆ ಗಂಟೆಗಳೇ ಕಳೆದಿರುತ್ತವೆ. ಇದರ ಮೇಲೆ, ಈ ಹಾರ್ಮೋನು ರಕ್ತ ಹೆಪ್ಪುಗಟ್ಟುವ ಅಪಾಯವನ್ನೂ ಹೆಚ್ಚಿಸಬಲ್ಲುದು.

ಹಾಗೆಂದು ಇಲಿಯ ಪ್ರಯೋಗ ಸುಳ್ಳಲ್ಲ. ಕೋಶದ ಗುಟ್ಟೊಂದನ್ನು ಅದು ತಿಳಿಸಿಕೊಟ್ಟಿತು. ಆದರೆ ಪ್ರಯೋಗಶಾಲೆಯ ಬಾಗಿಲಿಗೂ ರೋಗಿಯ ಹಾಸಿಗೆಗೂ ನಡುವೆ ದೂರವುಂಟು. “ಹೃದಯಕ್ಕೆ ಹೊಸ ಸಂಜೀವಿನಿ” ಎಂಬ ಸುದ್ದಿಯನ್ನು ವಿದ್ಯಾರ್ಥಿಯು ತಂದು ತೋರಿಸಿದಾಗ, ಪರೀಕ್ಷೆ ನಡೆದುದು ಇಲಿಯ ಮೇಲೋ ಮನುಷ್ಯನ ಮೇಲೋ ಎಂದು ಮೊದಲು ಕೇಳುವುದನ್ನು ಉಪಾಧ್ಯಾಯರಾದ ನಾವು ಕಲಿಸಬೇಕು. ಅದರ ಜತೆಗೆ ಇನ್ನೊಂದು ಮಾತನ್ನೂ ಹೇಳಬೇಕು: ಎದೆನೋವು ಬಂದಾಗ ಹೃದಯಸ್ನಾಯುವನ್ನು ಉಳಿಸುವುದು ಮುಚ್ಚಿದ ನಾಳವನ್ನು ಬೇಗ ತೆರೆಯುವ ಚಿಕಿತ್ಸೆಯೇ. ಬೆಳಗಾಗಲಿ ಎಂದು ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು.