ಹಡಗಿನ ಒಡಲಿನಲ್ಲಿ ಒಂದು ಪ್ರಬೋಧನೆ

ಸಿನಿಮಾದಲ್ಲಿ ಪಾತ್ರವೊಂದು ಒಂದೇ ಸಮನೆ ಮಾತಾಡತೊಡಗಿದರೆ ನಾವು ಸಾಮಾನ್ಯವಾಗಿ ನೀರು ಕುಡಿಯಲು ಎದ್ದು ಹೋಗುತ್ತೇವೆ. ಏಳಲು ಬಿಡದ ಮಾತುಗಳೂ ಇವೆ. 'ದಿ ಗ್ರೇಟ್ ಡಿಕ್ಟೇಟರ್' (1940) ಚಿತ್ರದ ಕೊನೆಗೆ ಚಾಪ್ಲಿನ್ ಸಂತ ಲೂಕರ ಶುಭಸಂದೇಶದ 17ನೇ ಅಧ್ಯಾಯವನ್ನು ನೆನೆದು ಆಡುವ ಮಾತು ಹಲವರಿಗೆ ಗೊತ್ತು. ಆದರೆ ನಮ್ಮನ್ನು ಹೆಚ್ಚು ಕಾಡಿದ್ದು 'ಆನ್ ದ ವಾಟರ್‌ಫ್ರಂಟ್' (1954) ಚಿತ್ರದ ಫಾದರ್ ಬ್ಯಾರಿ. ಆ ಪಾತ್ರ ಮಾಡಿದವರು ಕಾರ್ಲ್ ಮಾಲ್ಡನ್.

ಕಥೆ ನ್ಯೂಯಾರ್ಕ್ ಬಂದರಿನದು. ಅಲ್ಲಿನ ಕಾರ್ಮಿಕ ಸಂಘ ಗೂಂಡಾಗಳ ಕೈಯಲ್ಲಿದೆ. ದಿನಾ ಬೆಳಿಗ್ಗೆ ಆಳುಗಳು ಗುಂಪಾಗಿ ನಿಲ್ಲಬೇಕು, ಮೇಸ್ತ್ರಿ ಬೊಟ್ಟು ಮಾಡಿದವನಿಗೆ ಮಾತ್ರ ಅಂದಿನ ಕೂಲಿ. ಬಾಯಿ ಬಿಟ್ಟವನಿಗೆ ಕೆಲಸವಿಲ್ಲ, ಕೆಲವೊಮ್ಮೆ ಜೀವವೂ ಇಲ್ಲ. ಗುರುಗಳು ಬೆನ್ನಿಗಿರುತ್ತೇನೆಂದು ಮಾತು ಕೊಟ್ಟ ಮೇಲೆ ಡ್ಯುಗನ್ ಎಂಬ ಕೂಲಿ ಸಾಕ್ಷಿ ಹೇಳಲು ಒಪ್ಪುತ್ತಾನೆ. ಹಡಗಿನೊಳಗೆ ಕೆಲಸ ಮಾಡುತ್ತಿದ್ದಾಗ ಅವನ ಮೇಲೆ ಪೆಟ್ಟಿಗೆಗಳ ಹೊರೆಯನ್ನೇ ಉರುಳಿಸಿ ಕೊಲ್ಲುತ್ತಾರೆ.

ಗುರುಗಳು ಅಲ್ಲಿಯೇ, ಶವದ ಪಕ್ಕದಲ್ಲಿಯೇ ಮಾತಾಡುತ್ತಾರೆ. ಶಿಲುಬೆಗೇರಿಸುವುದು ಕಲ್ವಾರಿಯಲ್ಲಿ ಒಮ್ಮೆ ಮುಗಿದುಹೋಯಿತೆಂದು ತಿಳಿಯಬೇಡಿ, ಇದೂ ಅದೇ; ಕಂಡೂ ಸುಮ್ಮನಿರುವವನು ಪ್ರಭುವಿನ ಪಕ್ಕೆ ತಿವಿದ ಸೈನಿಕನಷ್ಟೇ ತಪ್ಪಿತಸ್ಥ ಎಂಬುದು ಅವರ ಮಾತಿನ ತಿರುಳು. ಕೂಲಿಗಾಗಿ ನಿಂತ ಸಾಲಿನಲ್ಲಿ ಕ್ರಿಸ್ತನೂ ನಿಂತಿದ್ದಾನೆ ಎನ್ನುತ್ತಾರೆ. ಮೇಲಿನಿಂದ ಬಾಳೆಹಣ್ಣು ಎಸೆಯುತ್ತಾರೆ. ಡಬ್ಬಿಯೊಂದು ತಗಲಿ ಹಣೆಯಲ್ಲಿ ರಕ್ತ ಬರುತ್ತದೆ. ಅವರು ಮಾತು ನಿಲ್ಲಿಸುವುದಿಲ್ಲ. ಮಾತು ಕೊಟ್ಟು ಒಬ್ಬನನ್ನು ಸಾವಿಗೆ ಕಳಿಸಿದವರು ತಾವೇ ಎಂಬ ಅರಿವು ಆ ದನಿಯಲ್ಲಿದೆ ಎಂದು ನಮಗನ್ನಿಸುತ್ತದೆ.

ಇದು ಬರೀ ಕಲ್ಪನೆಯಲ್ಲ. ಮ್ಯಾನ್‌ಹಟನ್‌ನಲ್ಲಿ ಕಾರ್ಮಿಕರ ನಡುವೆ ದುಡಿಯುತ್ತಿದ್ದ ಯೇಸುಸಭೆಯ ಫಾದರ್ ಜಾನ್ ಕೊರಿಡನ್ ಅವರ ಮಾತುಗಳಿಂದಲೇ ಲೇಖಕ ಬಡ್ ಶುಲ್‌ಬರ್ಗ್ ಈ ಪ್ರಬೋಧನೆಯನ್ನು ಕಟ್ಟಿದರು. ಸಾಕ್ಷಿ ಹೇಳುವುದನ್ನು ಹೊಗಳುವ ಈ ಚಿತ್ರದ ನಿರ್ದೇಶಕ ಎಲಿಯಾ ಕಜಾನ್, 1952ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ತಮ್ಮ ಹಳೆಯ ಗೆಳೆಯರ ಹೆಸರುಗಳನ್ನು ಹೇಳಿದ್ದರು. ಅದಕ್ಕಾಗಿ ಅವರನ್ನು ಕ್ಷಮಿಸದವರು ಬಹಳ ಮಂದಿ. ಚಿತ್ರಕ್ಕೆ 8 ಆಸ್ಕರ್ ಬಂದವು. 1995ರಲ್ಲಿ ವ್ಯಾಟಿಕನ್ ಆರಿಸಿದ 45 ಚಿತ್ರಗಳ ಪಟ್ಟಿಯಲ್ಲೂ ಇದು ಸೇರಿತು.

ಮನೆಯಲ್ಲಿ ಮಕ್ಕಳೊಡನೆ ನೋಡುವುದಾದರೆ ಮಾತು ಮುಗಿದ ಮೇಲಿನ ದೃಶ್ಯವನ್ನೂ ಬಿಡಬೇಡಿ. ಕ್ರೇನು ಶವವನ್ನು ಮೇಲೆತ್ತುತ್ತದೆ. ಗುರುಗಳೂ ಅದೇ ಹಲಗೆಯ ಮೇಲೆ ನಿಂತಿದ್ದಾರೆ. ಕೆಳಗಿದ್ದವರು ತಲೆಯೆತ್ತಿ ನೋಡುತ್ತಾರೆ, ಒಬ್ಬರೂ ಮಾತಾಡುವುದಿಲ್ಲ.