ಕೊರವಂಜಿ ಎಲ್ಲಿ ಹೋದಳು?

ಹೋದ ವರ್ಷ ನಮ್ಮೂರು ಯಡೂರಿನಲ್ಲಿ ನಾನೊಂದು ತಪ್ಪು ಮಾಡಿದೆ. ಅದು ತಪ್ಪೋ ಅಲ್ಲವೋ ಇನ್ನೂ ತೀರ್ಮಾನವಾಗಿಲ್ಲ. ಆದರೆ ಅಜ್ಜ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಂತೂ ನಿಜ.

ಓಣಿಯ ಹುಡುಗರೆಲ್ಲ ಸೇರಿ ‘ಶ್ರೀಕೃಷ್ಣ ಪಾರಿಜಾತ’ ಆಡಬೇಕೆಂದು ಹಟ ಹಿಡಿದಿದ್ದರು. ಬೆಳಗಾವಿ, ಬಾಗಲಕೋಟೆ ಕಡೆಯವರಿಗೆ ಪಾರಿಜಾತದ ಪರಿಚಯ ಬೇಕಿಲ್ಲ. ಬೇರೆ ಕಡೆಯ ಓದುಗರಿಗಾಗಿ ಎರಡು ಮಾತು: ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆಗೆ ಸಿಟ್ಟು ಬರುತ್ತದೆ. ಕಥೆ ಇಷ್ಟೇ. ಆದರೆ ಈ ಇಷ್ಟೇ ಕಥೆಯನ್ನು ಬೆಳಗಾಗುವ ತನಕ ಆಡುತ್ತಿದ್ದರು. ಅಪರಾಳ ತಮ್ಮಣ್ಣ ಬರೆದದ್ದನ್ನು ನಮ್ಮ ಜಿಲ್ಲೆಯವನೇ ಆದ ಕುಲಗೋಡ ತಮ್ಮಣ್ಣ ಆಟಕ್ಕೆ ಹೊಂದಿಸಿ ಊರೂರಿಗೆ ಮುಟ್ಟಿಸಿದ. ಕೌಜಲಗಿ ನಿಂಗಮ್ಮನ ಹೆಸರು ಹೇಳಿದರೆ ಅಜ್ಜನ ಮುಖ ಇವತ್ತಿಗೂ ಅರಳುತ್ತದೆ.

ಈಗ ಬೆಳತನಕ ಕೂರುವವರು ಯಾರು? “ಎರಡು ತಾಸಿನೊಳಗ ಮುಗಿಸು” ಎಂದರು ಹುಡುಗರು. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದ ತಪ್ಪಿಗೆ ಕತ್ತರಿ ಹಾಕುವ ಕೆಲಸ ನನಗೆ ಬಂತು. ನಾನು ಬರೀ ಕತ್ತರಿ ಹಾಕಲಿಲ್ಲ. ಕೃಷ್ಣ ಕೊರವಂಜಿಯ ವೇಷ ಹಾಕಿಕೊಂಡು ಭಾಮೆಗೆ ಕಣಿ ಹೇಳಲು ಬರುವ ಭಾಗವನ್ನೇ ತೆಗೆದುಬಿಟ್ಟೆ. ಹೆಂಡತಿಗೆ ಮೋಸ ಮಾಡಿ ಒಲಿಸಿಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ನನ್ನ ಕೊನೆಯಲ್ಲಿ ಭಾಮೆ ಕೃಷ್ಣನನ್ನು ಕ್ಷಮಿಸುವುದಿಲ್ಲ, ಬಾಗಿಲು ಹಾಕಿಕೊಳ್ಳುತ್ತಾಳೆ. ಬರೆದ ಮೇಲೆ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಆಟದ ರಾತ್ರಿ ಭಾಮೆ ಬಾಗಿಲು ಹಾಕಿಕೊಂಡಳು. ಹೆಣ್ಣುಮಕ್ಕಳು ಕೂತ ಕಡೆಯಿಂದ ನಾಲ್ಕಾರು ಚಪ್ಪಾಳೆ ಬಂದವು. ನನ್ನ ಅಕ್ಕ ಜೋರಾಗಿ ಸೀಟಿ ಹೊಡೆದಳು. ಆಮೇಲೆ ಮುಂದಿನ ಸಾಲಿನಿಂದ ಒಂದು ದನಿ: “ಕೊರವಂಜಿ ಎಲ್ಲಿ ಹೋದ್ಳೋ?” ಇನ್ನೊಬ್ಬರು, “ಬರೂದಿಲ್ಲೇನ?” ಎಂದರು. ಪೆಟ್ಟಿಗೆ ಬಾರಿಸುವವರು ನನ್ನ ಮುಖ ನೋಡಿದರು. ಅಜ್ಜ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ನಡೆದೇಬಿಟ್ಟರು.

ಈ ದೃಶ್ಯವನ್ನು ನಾನು ಹಿಂದೆಯೇ ಎಲ್ಲೋ ನೋಡಿದ್ದೇನೆ ಅನ್ನಿಸಿತು. ಎಲ್ಲಿ ಎಂದರೆ, ನಮ್ಮ ಹಾಸ್ಟೆಲಿನಲ್ಲಿ!

ನಮ್ಮ ರೂಮಿನಲ್ಲಿ ಹುಬ್ಬಳ್ಳಿ ಕಡೆಯ ಹುಡುಗನೊಬ್ಬನಿದ್ದಾನೆ. ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂದರೆ ಪ್ರಾಣ. 1974ರಲ್ಲಿ ಅಮೆರಿಕದಲ್ಲಿ ಶುರುವಾದ ಆಟವಿದು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಗೆಲುವು ಸೋಲನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಒಂದು ಲೆಕ್ಕದಲ್ಲಿ ಕೂತಲ್ಲೇ ಆಡುವ ಬಯಲಾಟ. ಈ ಆಟಕ್ಕೆ ಅನೇಕ ಕಲ್ಪಿತ ಲೋಕಗಳಿವೆ. ಅದರಲ್ಲಿ ಹೆಚ್ಚು ಹೆಸರಾದದ್ದು ‘ಫರ್ಗಾಟನ್ ರೆಲ್ಮ್ಸ್’. ಕೆನಡಾದ ಎಡ್ ಗ್ರೀನ್‌ವುಡ್ ಚಿಕ್ಕಂದಿನಲ್ಲೇ ಕಟ್ಟಿಕೊಂಡ ಈ ಲೋಕ 1987ರಲ್ಲಿ ಆಟದ ಅಧಿಕೃತ ಜಗತ್ತಾಗಿ ಹೊರಬಂತು. ಆಮೇಲೆ ನೂರಾರು ಕಾದಂಬರಿ, ನಕಾಶೆ, ದೇವತೆಗಳ ವಂಶಾವಳಿ. ನಮ್ಮ ಪುರಾಣಗಳಿಗೆ ಏನೂ ಕಮ್ಮಿಯಿಲ್ಲ.

ತೊಂದರೆ ಏನೆಂದರೆ, ಆಟದ ನಿಯಮಗಳು ಬದಲಾದಾಗಲೆಲ್ಲ ಆ ಲೋಕದ ಪುರಾಣವೂ ಬದಲಾಗಬೇಕಾಯಿತು. 2008ರಲ್ಲಿ ನಾಲ್ಕನೇ ಆವೃತ್ತಿ ಬಂದಾಗ ಮಂತ್ರ ಹಾಕುವ ನಿಯಮಗಳೇ ಬೇರೆಯಾದವು. ಅದಕ್ಕೊಂದು ಕಾರಣ ಬೇಕಲ್ಲ? ಮಂತ್ರವಿದ್ಯೆಯ ದೇವತೆ ಮಿಸ್ಟ್ರಾಳನ್ನೇ ಕೊಂದರು. ಅವಳ ಸಾವಿನಿಂದ ಲೋಕದಲ್ಲಿ ದೊಡ್ಡ ಉತ್ಪಾತವಾಯಿತು ಎಂದರು. ಕಾಲವನ್ನು ಸುಮಾರು ನೂರು ವರ್ಷ ಮುಂದಕ್ಕೆ ಓಡಿಸಿದರು. ಇಪ್ಪತ್ತು ವರ್ಷದಿಂದ ಆಡುತ್ತಿದ್ದವರು ಬೆಳಗ್ಗೆ ಎದ್ದು ನೋಡಿದರೆ ತಾವು ಕಂಡ ರಾಜರೆಲ್ಲ ಸತ್ತಿದ್ದಾರೆ, ಕೆಲವು ದೇಶಗಳೇ ನಕಾಶೆಯಲ್ಲಿಲ್ಲ! ಹೊಸಬರಿಗೆ ಹಳೆಯ ಇತಿಹಾಸದ ಹೊರೆ ಬೇಡ ಎನ್ನುವುದು ಒಳ್ಳೆಯ ಉದ್ದೇಶವೇ. ಆದರೆ ಹಳಬರು ಕೆರಳಿ ಕೆಂಡವಾದರು. ಅನೇಕರು ಹಳೆಯ ಪುಸ್ತಕಗಳನ್ನೇ ಇಟ್ಟುಕೊಂಡು ಆಡಿದರು. 2014ರಲ್ಲಿ ಐದನೇ ಆವೃತ್ತಿ ಬರುವಷ್ಟರಲ್ಲಿ ಮಿಸ್ಟ್ರಾ ಮತ್ತೆ ಬದುಕಿ ಬಂದಿದ್ದಳು, ನಕಾಶೆಯೂ ಬಹುಪಾಲು ಮೊದಲಿನಂತಾಗಿತ್ತು. 2021ರಲ್ಲಿ ಇನ್ನೊಂದು ಮಾತು ಬಂತು: 2014ರಿಂದೀಚೆಗಿನ ಆಟದ ಪುಸ್ತಕಗಳಲ್ಲಿ ಇದ್ದದ್ದಷ್ಟೇ ಅಧಿಕೃತ. ಅಂದರೆ ಕಾಸು ಕೊಟ್ಟು ಓದಿದ ಕಾದಂಬರಿಗಳೆಲ್ಲ ಬರೀ ಕಥೆ.

ನಮ್ಮ ಹುಡುಗ ಸಿಟ್ಟಾದದ್ದು 2023ರಲ್ಲಿ ಬಂದ ‘ಬಾಲ್ಡರ್ಸ್ ಗೇಟ್ 3’ ಆಡುವಾಗ. ಆ ವರ್ಷದ ಅತ್ಯುತ್ತಮ ಗೇಮ್ ಎಂದು ಪ್ರಶಸ್ತಿ ಪಡೆದ ಆಟ. ಅವನು ಇದಕ್ಕೂ ಮೊದಲು 2000ದ ಎರಡನೇ ಭಾಗವನ್ನು ಅಣ್ಣನ ಹಳೆಯ ಕಂಪ್ಯೂಟರಿನಲ್ಲಿ ಆಡಿ ಮುಗಿಸಿದ್ದ. ಅದರಲ್ಲಿ ವಿಕೋನಿಯಾ ಎಂಬವಳಿದ್ದಾಳೆ. ಕ್ರೂರಿ, ಆದರೆ ಆಟಗಾರ ಪ್ರೀತಿಯಿಂದ ನಡೆದುಕೊಂಡರೆ ಮೆತ್ತಗಾಗುತ್ತಾಳೆ. ಮೂರನೇ ಭಾಗದಲ್ಲಿ ಅವಳು ಮತ್ತೆ ಹಳೆಯ ಕ್ರೂರಿಯೇ. “ನಾ ಮೂರು ತಿಂಗಳು ಕೂತು ಆಕಿನ್ನ ಸುಧಾರಿಸಿದ್ದೆ ಲೇ!” ಎಂದು ರಾತ್ರಿ ಎರಡಕ್ಕೆ ಹಾಸಿಗೆ ಮೇಲೆ ಎದ್ದು ಕೂತ. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಮರುದಿನ ಅವನಿಗೆ ಇಂಟರ್ನಲ್ಸ್ ಬೇರೆ ಇತ್ತು.

ಅಜ್ಜ ಕಂಬಳಿ ಕೊಡವಿ ಎದ್ದಾಗ ನನಗೆ ನಗು ಬರಲಿಲ್ಲ.

ಕಥೆ ಬದಲಿಸಿದ್ದು ನಾನೇ ಮೊದಲಿಗನಲ್ಲ ಎಂದು ಸಮಾಧಾನ ಹುಡುಕಿಕೊಂಡೆ. ಪಂಪ 941ರಲ್ಲಿ ಭಾರತ ಬರೆದಾಗ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ಕುವೆಂಪು ‘ರಾಮಾಯಣ ದರ್ಶನಂ’ನಲ್ಲಿ ಸೀತೆಯ ಜೊತೆ ರಾಮನನ್ನೂ ಬೆಂಕಿಗೆ ಇಳಿಸಿದರು. ಅವರ ‘ಶೂದ್ರ ತಪಸ್ವಿ’ ನಾಟಕದಲ್ಲಿ ರಾಮನ ಬಾಣ ಶಂಬೂಕನನ್ನು ಕೊಲ್ಲುವುದಿಲ್ಲ, ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಹಳೆಯ ಕಥೆಯನ್ನು ಹೀಗೆ ತಿರುಗಿಸುವುದು ಸರಿಯಲ್ಲ ಎಂದು ಮಾಸ್ತಿಯವರು ಆಕ್ಷೇಪಿಸಿದರು, ಕುವೆಂಪು ಉತ್ತರ ಕೊಟ್ಟರು. ಅಷ್ಟು ದೊಡ್ಡವರ ನಡುವೆಯೇ ಈ ಜಗಳ ನಡೆದಿದೆ. ಆದರೆ ಪಂಪನೂ ಕುವೆಂಪು ಅವರೂ ತಮ್ಮದೇ ಹೊಸ ಕೃತಿ ಬರೆದರು. ನಾನು ಪಾರಿಜಾತ ಎಂದು ಮೈಕಿನಲ್ಲಿ ಕೂಗಿಸಿ ಬೇರೇನನ್ನೋ ಆಡಿಸಿದ್ದೆ. ಈ ವ್ಯತ್ಯಾಸ ಆಗ ಹೊಳೆದಿರಲಿಲ್ಲ.

ಮೂರನೇ ದಿನ ಅಜ್ಜನ ಹತ್ತಿರ ಹೋಗಿ ಕೂತೆ. ಹರೆಯದಲ್ಲಿ ಅವರು ಪಾರಿಜಾತದಲ್ಲಿ ದೂತಿಯ ಪಾತ್ರ ಮಾಡುತ್ತಿದ್ದರು. ಭಾಮೆಯ ಕಾಲೆಳೆಯುವ, ಊರಿನವರನ್ನೆಲ್ಲ ನಗಿಸುವ ಪಾತ್ರ.

“ಅಜ್ಜಾ, ಕಥೀ ಬದಲ ಮಾಡಿದ್ದು ತಪ್ಪಾತೇನ್ರಿ?”

“ಬದಲ ಮಾಡೂದು ತಪ್ಪಲ್ಲೋ ತಮ್ಮಾ. ನಾ ದಿನಾ ಬದಲ ಮಾಡ್ತಿದ್ದೆ.”

ನಾನು ಬಾಯಿ ಬಿಟ್ಟೆ. ಅಜ್ಜ ಬಿಡಿಸಿ ಹೇಳಿದರು. ಹಾಡು ತಮ್ಮಣ್ಣಂದು, ಅದನ್ನು ಮುಟ್ಟುವ ಹಾಗಿಲ್ಲ. ಹಾಡಿನ ನಡುವಿನ ಮಾತು ಆಟದವರದು. ಊರಿಗೊಂದು, ರಾತ್ರಿಗೊಂದು. ಹೊಳೆಯಾಚೆ ಆಡಿದರೆ ಅಲ್ಲಿನ ಮಾತು, ಬರಗಾಲ ಬಿದ್ದರೆ ಬರದ ಮಾತು. ಭಾಮೆಯ ಬಾಯಲ್ಲಿ ಕೃಷ್ಣನಿಗೆ ಬೈಗುಳವನ್ನೂ ಬೈಸಿದ್ದಾರಂತೆ. “ಮಂದಿ ಕೊರವಂಜೀಗೆ ಅಂತ ನಿದ್ದಿಗೆಟ್ಟು ಕುಂತಿರ್ತಾರ. ಮುಂದ ಏನ್ ಆಗತೈತಿ ಅಂತ ಗೊತ್ತಿದ್ದೇ ಬಂದಿರ್ತಾರ. ಆ ಹಾಡು ಬಂದಾಗ ಅವ್ರೂ ಗುನುಗಬೇಕು. ನೀ ಅದನ್ನ ಕಸ್ಕೊಂಡಿ” ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಭಾಮಾ ಬಾಗಲಾ ಹಾಕ್ಕೊಂಡದ್ದು ಚಲೋ ಇತ್ತು. ಖರೆ ಅದನ್ನ ಮಾತಿನ್ಯಾಗ ಹೇಳಬೇಕಿತ್ತು” ಎಂದರು.

ಅಕ್ಕ ಒಳಗಿಂದಲೇ ಕೂಗಿದಳು: “ವೇಷಾ ಹಾಕಿ ಬಂದು ಮೋಸ ಮಾಡಿದ್ರ ಭಾಮಾ ಯಾಕ ಒಪ್ಕೊಬೇಕು ಅಜ್ಜಾ?” ಅಜ್ಜನ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇಲ್ಲ. ಅಕ್ಕನ ಪ್ರಶ್ನೆ ನ್ಯಾಯದ್ದೇ. ಚಪ್ಪಾಳೆ ಹೊಡೆದ ಆ ನಾಲ್ಕಾರು ಮಂದಿಯೂ ನಮ್ಮೂರಿನವರೇ ಅಲ್ಲವೇ?

ಹಾಸ್ಟೆಲಿಗೆ ಬಂದು ಹುಬ್ಬಳ್ಳಿ ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಅವನು ಡಂಜನ್ಸ್ ಅಂಡ್ ಡ್ರಾಗನ್ಸ್‌ನಲ್ಲೂ ಹಾಗೇ ಎಂದ. ಪುಸ್ತಕದಲ್ಲಿ ಏನೇ ಅಚ್ಚಾಗಲಿ, ನಮ್ಮ ಮೇಜಿನ ಮೇಲೆ ಮಿಸ್ಟ್ರಾ ಬದುಕಿದ್ದಾಳೆ ಎಂದರೆ ಬದುಕಿದ್ದಾಳೆ, ಯಾರೂ ಬಂದು ಕೇಳುವುದಿಲ್ಲ. ಆದರೆ ಕಂಪ್ಯೂಟರ್ ಗೇಮಿನಲ್ಲಿ ಆ ಸವಲತ್ತಿಲ್ಲ. ಅಲ್ಲಿ ವಿಕೋನಿಯಾ ಅವರು ಬರೆದಂತೆಯೇ ಇರಬೇಕು. ಅವನ ಸಿಟ್ಟಿಗೆ ಅರ್ಥವಿತ್ತು ಎಂದು ಆವತ್ತು ಒಪ್ಪಿಕೊಂಡೆ. ನಕ್ಕದ್ದಕ್ಕೆ ಒಂದು ಚಹಾ ಕುಡಿಸಬೇಕಾಯಿತು.

ಮಳೆಗಾಲದ ರಜೆಯಲ್ಲಿ ಊರಿಗೆ ಹೋದಾಗ ಕೃಷ್ಣಾ ತುಂಬಿ ಕಲ್ಲೋಳ–ಯಡೂರು ಸೇತುವೆ ನೀರೊಳಗಿತ್ತು. ಹೊರಗೆ ಹೋಗುವಂತಿರಲಿಲ್ಲ. ಅಜ್ಜನ ಮುಂದೆ ಫೋನಿಟ್ಟು ರೆಕಾರ್ಡಿಂಗ್ ಒತ್ತಿದೆ. ಅವರಿಗೆ ಪೂರ್ತಿ ಪಾರಿಜಾತ ಬಾಯಿಪಾಠ, ಆದರೆ ಯಾವುದನ್ನೂ ನೇರ ಹೇಳುವವರಲ್ಲ. ನಡುನಡುವೆ ಯಾವ ಊರಿನಲ್ಲಿ ಯಾರು ಮುನಿಸಿಕೊಂಡರು, ಯಾರ ಮನೆಯಲ್ಲಿ ಹೋಳಿಗೆ ಉಣಿಸಿದರು ಎಂಬುದೂ ಬರಬೇಕು. ಅಕ್ಕ ಪಕ್ಕದಲ್ಲೇ ಕೂತು ಭಾಮೆಯ ಪರವಾಗಿ ಅಡ್ಡಮಾತು ಹಾಕುತ್ತಿದ್ದಳು. ಅಜ್ಜ ದೂತಿಯ ದನಿಯಲ್ಲಿ ತಿರುಗಿಸಿ ಕೊಡುತ್ತಿದ್ದರು. ಫೋನಿನಲ್ಲಿ ಈಗ ಮೂರೂವರೆ ತಾಸಿನ ರೆಕಾರ್ಡಿಂಗ್ ಇದೆ. ಕೊರವಂಜಿ ಭಾಮೆಯ ಅಂಗಳಕ್ಕೆ ಬಂದಿದ್ದಾಳೆ, ಅಂಗೈ ನೋಡಲು ಇನ್ನೂ ಶುರುಮಾಡಿಲ್ಲ.